ಹಾಡಿನ ಸಿಡಿಯಲ್ಲಿ ಬಂದ ಗೂಢಚಾರ

ದುಡ್ಡು ಕೊಟ್ಟು ಹಾಡಿನ ಸಿಡಿ ತಂದ್ರಿ, ಕಂಪ್ಯೂಟರಿಗೆ ಹಾಕಿದ್ರಿ. ಹಾಡಿನ ಜೊತೆ ಒಂದು ಕಳ್ಳ ಸಾಫ್ಟ್‌ವೇರೂ ಒಳಗೆ ಬಂದು ಕೂತ್ಕೊಳ್ತು!

ಕಥೆ ಅಲ್ಲ, 2005ರಲ್ಲಿ ಅಮೆರಿಕದಲ್ಲಿ ನಡೆದದ್ದು. ಸಿಡಿ ಸೋನಿ ಬಿಎಂಜಿಯದು. ನಕಲು ತಡೆಯೋಕೆ ಅಂತ ಹಾಕಿದ್ದ ಎಕ್ಸ್‌ಸಿಪಿ ಅನ್ನೋ ಸಾಫ್ಟ್‌ವೇರ್, ಡಾಲರ್-ಸಿಸ್-ಡಾಲರ್ ಅಂತ ಹೆಸರು ಶುರುವಾಗೋ ಯಾವ ಫೈಲೂ ಕಣ್ಣಿಗೆ ಬೀಳದ ಹಾಗೆ ಮಾಡ್ತಿತ್ತು. ಅದರ ಪ್ಲೇಯರ್ ನಿಮ್ಮನ್ನ ಕೇಳದೇನೇ ಕಂಪನಿಯ ಸರ್ವರ್‌ಗೆ ಸುದ್ದಿ ಮುಟ್ಟಿಸ್ತಿತ್ತು. ಮಾರ್ಕ್ ರುಸಿನೊವಿಚ್ ಅನ್ನೋ ತಜ್ಞರು ತಮ್ಮದೇ ಕಂಪ್ಯೂಟರಲ್ಲಿ ಇದನ್ನ ಹಿಡಿದ್ರು. ಆಮೇಲೆ ಬೇರೆ ವೈರಸ್‌ಗಳೂ ಅದೇ ಹೆಸರಿಟ್ಕೊಂಡು ಅಡಗೋಕೆ ಶುರು ಮಾಡಿದ್ವು. ಕಂಪನಿ ಸಿಡಿಗಳನ್ನ ವಾಪಸ್ ತಗೊಳ್ತು. ತಮಾಷೆ ನೋಡಿ, ಆ ಸಾಫ್ಟ್‌ವೇರ್ ತೆಗೆಯೋಕೆ ವೆಬ್‌ನಲ್ಲಿ ಕೊಟ್ಟ ಟೂಲೇ ಕಂಪ್ಯೂಟರಿಗೆ ಇನ್ನೊಂದು ತೂತು ಕೊರೀತು!

ಈಗ ಸಿಡಿ ಕಾಲ ಮುಗೀತು. ಇಂಥ ಗೂಢಚಾರ ಸಾಫ್ಟ್‌ವೇರ್, ಅಂದ್ರೆ ಸ್ಪೈವೇರ್, ಬರೋದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಲ್ಲಿ, ಪುಕ್ಕಟೆ ಪಿಡಿಎಫ್ ಕನ್ವರ್ಟರಲ್ಲಿ, ಯಾವುದೋ ಬ್ರೌಸರ್ ಎಕ್ಸ್‌ಟೆನ್ಶನ್ನಲ್ಲಿ. ಕೆಲವು ನೀವು ಒತ್ತೋ ಒಂದೊಂದು ಕೀಯನ್ನೂ ಬರೆದಿಟ್ಕೊಳ್ತವೆ, ಬ್ಯಾಂಕ್ ಪಾಸ್‌ವರ್ಡ್ ಸಮೇತ.

ಅಪ್‌ಡೇಟ್ ಮಾಡಿ ಅಂತ ಎಲ್ಲರೂ ಹೇಳ್ತಾರೆ, ಮಾಡಿ. ಆದ್ರೆ ನನ್ನ ಕೇಳಿದ್ರೆ, ದಿನದ ಕೆಲಸಕ್ಕೆ ಅಡ್ಮಿನ್ ಅಕೌಂಟ್ ಬಿಟ್ಟು ಸ್ಟ್ಯಾಂಡರ್ಡ್ ಅಕೌಂಟ್ ಬಳಸಿ. ಸಿಸ್ಟಮ್ಮಿನ ಒಳಗೆ ಕೈ ಹಾಕೋ ಸಾಫ್ಟ್‌ವೇರ್ ಆಗ ಅಡ್ಮಿನ್ ಪಾಸ್‌ವರ್ಡ್ ಕೇಳಲೇಬೇಕು.

ಅನುಮಾನ ಬಂತಾ? ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ. ವಿಂಡೋಸ್ ಪೂರ್ತಿ ಶುರುವಾಗೋ ಮೊದಲೇ ಹುಡುಕುತ್ತೆ, ಅಡಗೋಕೆ ಜಾಗ ಕಮ್ಮಿ. ಪಾಸ್‌ವರ್ಡ್ ಬದಲಾಯಿಸೋದು ಮಾತ್ರ ಬೇರೆ ಕಂಪ್ಯೂಟರಿಂದ. ಇದರಲ್ಲೇ ಬದಲಾಯಿಸಿದ್ರೆ ಹೊಸದೂ ಕಳ್ಳರ ಕೈಗೇ ಹೋಗುತ್ತೆ.