ತೋಟಕ್ಕೆ ಬಂದ ಅರಿವು, ತೋಟ ಬಿಟ್ಟ ಅರಿವು

ಮಳೆಗಾಲ ಬಂತೆಂದರೆ ಶಿರಸಿ ಬಳಿಯ ಇಸಳೂರಿನ ಸುತ್ತಲಿನ ಅಡಿಕೆ ಸೀಮೆಯಲ್ಲಿ ಇಬ್ಬರು ಎದುರಾದಾಗ ಮೊದಲು ಬರುವ ಮಾತು, ‘ಮದ್ದು ಹೊಡೆಸಿ ಆತಾ?’ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊನೆಗೌಡ ಮರವೇರಿ ಕೊನೆ ತೊಯ್ಯುವಂತೆ ಹೊಡೆದಿಟ್ಟರೆ ಕೊಳೆ ರೋಗದ ಹೆದರಿಕೆ ಅರ್ಧ ಕಳೆದಂತೆ. ಇದನ್ನು ನಾವು ಅನಾದಿ ಕಾಲದ ಪದ್ಧತಿ ಎಂದೇ ತಿಳಿದಿದ್ದೇವೆ. ಆದರೆ ನಮ್ಮ ಮುತ್ತಜ್ಜನ ಅಪ್ಪನಿಗೆ ಇದು ಗೊತ್ತಿರಲಿಲ್ಲ. ಆತ ಮಳೆ ತಾಗದಂತೆ ಕೊನೆಗೆ ಕೊಟ್ಟೆ ಕಟ್ಟಿಸಿ, ಉಳಿದದ್ದನ್ನು ದೇವರಿಗೆ ಬಿಡುತ್ತಿದ್ದ.

ಮದ್ದಿನ ಕತೆ ಶುರುವಾಗುವುದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದಲ್ಲಿ. ಹಾದಿಹೋಕರು ಹಣ್ಣು ಕೀಳದಿರಲೆಂದು ಬೆಳೆಗಾರರು ದಾರಿಬದಿಯ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಸಿಂಪಡಿಸುತ್ತಿದ್ದರು. ಹಾಗೆ ಸಿಂಪಡಿಸಿದ ಬಳ್ಳಿಗೆ ಬೂಜು ರೋಗ ಬಾರದ್ದನ್ನು ಕಂಡ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ, 1885ರಲ್ಲಿ ಅದನ್ನು ಮದ್ದೆಂದು ಸಾರಿದರು. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಮಲೆನಾಡಿನ ಕೊಳೆ ರೋಗದ ಬೆನ್ನು ಹತ್ತಿ, ಅದು ಯಾವ ಶಿಲೀಂಧ್ರದ ಕೆಲಸ ಎಂದು ಗುರುತಿಸಿ, ದ್ರಾಕ್ಷಿಯ ಮದ್ದನ್ನು ಅಡಿಕೆಗೆ ಒಗ್ಗಿಸಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಆಗ ಮೈಸೂರಿನವಲ್ಲ, ಮುಂಬಯಿ ಪ್ರಾಂತ್ಯದವು. ಆದರೂ ಮದ್ದು ಇಲ್ಲಿಗೆ ದಾಟಿ ಬಂತು. ಗಡಿಯ ಸುಂಕದ ಕಟ್ಟೆ ಅಡಿಕೆ ಮೂಟೆಯನ್ನು ತಡೆದೀತು, ಮದ್ದು ಕಲಸುವ ಲೆಕ್ಕವನ್ನು ತಡೆಯಲಾರದು.

ಅರ್ಥಶಾಸ್ತ್ರಜ್ಞ ಪಾಲ್ ರೋಮರ್ 1990ರಲ್ಲಿ ಹೇಳಿದ್ದರ ತಿರುಳೂ ಇದೇ. ಒಂದು ಏಣಿಯನ್ನು ಏಕಕಾಲಕ್ಕೆ ಒಬ್ಬನೇ ಹತ್ತಬಹುದು, ಆದರೆ ಒಂದು ಉಪಾಯವನ್ನು ಸಾವಿರ ತೋಟದವರು ಒಟ್ಟಿಗೆ ಬಳಸಿದರೂ ಅದು ಸವೆಯುವುದಿಲ್ಲ. ಹಾಗಾಗಿ ಮಣ್ಣು, ಆಳು, ದುಡ್ಡು ಇವುಗಳ ಫಲಕ್ಕೆ ಒಂದು ಮಿತಿ ಇದ್ದರೂ ಅರಿವಿನ ಫಲಕ್ಕೆ ಅಂಥ ಮಿತಿಯಿಲ್ಲ. ರೋಮರ್ ಅವರಿಗೆ 2018ರಲ್ಲಿ ನೊಬೆಲ್ ಬಂತು. ಹೊಸ ಶೋಧದಿಂದ ಬೆಳವಣಿಗೆ ಹೇಗೆ ಎಂದು ಬಿಡಿಸಿ ಹೇಳಿದ ಮೊಕಿರ್, ಅಘಿಯಾನ್, ಹೋವಿಟ್ ಅವರಿಗೆ 2025ರಲ್ಲಿ ಬಂತು.

ಶೋಧವೆಂದರೆ ಪ್ರಯೋಗಶಾಲೆಯದ್ದೇ ಆಗಬೇಕಿಲ್ಲ. 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರು ಶಿರಸಿಯಲ್ಲಿ ತೋಟಗಾರರ ಮಾರಾಟ ಸಹಕಾರ ಸಂಘ ಕಟ್ಟಿದರು. ಈಗ ಎಲ್ಲರ ಬಾಯಲ್ಲಿ ಅದು ಟಿಎಸ್ಎಸ್. ಸಾಹುಕಾರನ ಸಾಲಕ್ಕೆ ಬೆಳೆಯನ್ನೇ ಒಪ್ಪಿಸುತ್ತಿದ್ದವರು ಒಟ್ಟಾಗಿ ಮಾರತೊಡಗಿದರು. ನನ್ನ ಮಟ್ಟಿಗೆ ಬೋರ್ಡೋ ಮದ್ದಿನಷ್ಟೇ ದೊಡ್ಡ ಶೋಧ ಅದು. ಅದೇ ಸಂಘ ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತು ತಂದಿತು. ಗುರುತು ಸಿಕ್ಕಿದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ.

ಇನ್ನು ದಿಲ್ಲಿಯ ವಿಷಯ. ಕನಿಷ್ಠ ಆಮದು ಬೆಲೆ ಎಂದರೆ, ಇಷ್ಟಕ್ಕಿಂತ ಅಗ್ಗದ ಮಾಲು ಒಳಗೆ ಬರಕೂಡದು ಎಂದು ಸರ್ಕಾರ ಹಾಕುವ ಬೇಲಿ. 2023ರ ಫೆಬ್ರವರಿಯಲ್ಲಿ ಅಡಿಕೆಗೆ ಅದು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಬೇಲಿಗೂ ಕಿಂಡಿಯಿದೆ: 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಆ ಬೆಲೆ ಅನ್ವಯಿಸದು ಎಂದಾಯಿತು. ಕಳ್ಳದಾರಿಯ ಅಡಿಕೆ ಬೇರೆ. ಆದರೂ ಒಂದೆರಡು ಎಕರೆಯವನಿಗೆ ಈ ಬೇಲಿ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಬೇಲಿ ಹಾಕಿದ ಮಾತ್ರಕ್ಕೆ ಬೆಳೆ ಬಾರದು. ಕಾಳುಮೆಣಸನ್ನೇ ನೋಡಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಸೀಮೆ ನಮ್ಮ ಘಟ್ಟದ ಬುಡದಲ್ಲೇ ಇದೆ. ಅಷ್ಟು ಶತಮಾನ ಮೆಣಸು ಮಾರಿದ ನಮ್ಮನ್ನು, ಮೆಣಸಿನ ಲೋಕದಲ್ಲಿ ಹೆಸರೇ ಇಲ್ಲದಿದ್ದ ವಿಯೆಟ್ನಾಂ ಈ ಶತಮಾನದ ಆರಂಭದಲ್ಲಿ ಹಿಂದೆ ಹಾಕಿತು. ಅಲ್ಲಿ ಎಕರೆಯ ಇಳುವರಿ ನಮ್ಮದರ ಹಲವು ಪಟ್ಟು. (ಒತ್ತೊತ್ತಾಗಿ ಬೆಳೆದು, ಗೊಬ್ಬರ ಸುರಿದು, ಮುಂದೆ ರೋಗ ಬಂದು ಅವರ ಎಷ್ಟೋ ತೋಟ ಸತ್ತದ್ದೂ ನಿಜ.) 2017ರ ಡಿಸೆಂಬರಿನಲ್ಲಿ ಮೆಣಸಿಗೆ ನಮ್ಮ ಸರ್ಕಾರ ಕಿಲೋಗೆ 500 ರೂಪಾಯಿಯ ಬೇಲಿ ಹಾಕಿತು. ಬೆಲೆ ಮಾತ್ರ ಆಮೇಲೂ ಇಳಿಯಿತು.

ಓದಿನ ಕತೆ ಇದಕ್ಕಿಂತ ತೊಡಕಿನದು. ಅಡಿಕೆ ದುಡ್ಡಿನಲ್ಲಿ ಈ ಸೀಮೆಯ ಮನೆಗಳು ಮಕ್ಕಳನ್ನು ಚೆನ್ನಾಗಿಯೇ ಓದಿಸಿದವು. ಓದಿದವರು ಹುಬ್ಬಳ್ಳಿಗೆ, ಬೆಂಗಳೂರಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ಅಂಗಳದಲ್ಲಿ ಅಡಿಕೆ ಹರವಲು ಉಳಿದವರು ಎಪ್ಪತ್ತು ದಾಟಿದ ಗಂಡ ಹೆಂಡತಿ. ಇದಕ್ಕೆ ಮಕ್ಕಳನ್ನು ಬೈಯುವುದು ನಮ್ಮಲ್ಲಿ ರೂಢಿ. ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೋಡೋರ್ ಶುಲ್ಜ್ 1964ರಲ್ಲೇ ಬೇರೆ ಮಾತು ಹೇಳಿದ್ದರು: ತಲೆಮಾರುಗಳಿಂದ ಅದೇ ಬೀಜ, ಅದೇ ಸಲಕರಣೆಯಲ್ಲಿ ನಡೆಯುವ ಬೇಸಾಯದಲ್ಲಿ ರೈತ ಆಗಲೇ ಆದಷ್ಟನ್ನೂ ಹಿಂಡಿಕೊಂಡಿರುತ್ತಾನೆ. ಅಲ್ಲಿ ಓದಿಗೆ ಹೆಚ್ಚಿನ ಕೆಲಸವಿಲ್ಲ. ಹೊಸ ಬೀಜ, ಹೊಸ ಉಪಾಯ ಬರುತ್ತಲೇ ಇದ್ದರೆ ಮಾತ್ರ ಓದಿದವನ ಕೈ ಮೇಲಾಗುತ್ತದೆ. ಅಂದರೆ ಮಗ ತೋಟ ಬಿಟ್ಟದ್ದು ಓದಿನ ತಪ್ಪಲ್ಲ. ತೋಟದಲ್ಲಿ ಅವನ ಓದು ಬೇಡುವಂಥ ಕೆಲಸ ಹುಟ್ಟಲಿಲ್ಲ, ಬೇಲಿಯೊಳಗಿನ ಒಳ್ಳೆಯ ದರ ಅಂಥ ಕೆಲಸ ಹುಟ್ಟಿಸುವ ಅವಸರವನ್ನೂ ಉಳಿಸಲಿಲ್ಲ.

ಅವಸರ ಹುಟ್ಟಿದ ಕಡೆ ಬದಲಾವಣೆ ಕಂಡಿದೆ. ಕೊನೆಗೌಡರು ಸಿಗದಾದಾಗ ಕಾರ್ಬನ್ ಫೈಬರ್ ದೋಟಿ ಬಂತು. ನೆಲದ ಮೇಲೆ ನಿಂತೇ ಕೊನೆ ಕೊಯ್ದು ಮದ್ದು ಹೊಡೆಯುವುದನ್ನು ಪ್ಯಾಂಟು ಹಾಕಿದ ಹುಡುಗರು ತರಬೇತಿಗೆ ಹೋಗಿ ಕಲಿಯುತ್ತಿದ್ದಾರೆ.

ಈಗ ಮಲೆನಾಡಿನ ತೋಟಗಳಿಗೆ ಎಲೆಚುಕ್ಕಿ ರೋಗ ಹಬ್ಬಿದೆ. ಕೋಲ್ಮನ್ ಕೊಳೆ ರೋಗದ ವರದಿ ಬರೆಯಲು ತೆಗೆದುಕೊಂಡದ್ದು ಎರಡು ವರ್ಷ, 1910ಕ್ಕೆ ಅದು ಅಚ್ಚಾಗಿತ್ತು. ಎಲೆಚುಕ್ಕಿಗೆ ಮೈಲುತುತ್ತ-ಸುಣ್ಣದಷ್ಟು ನೆಚ್ಚಬಹುದಾದ ಮದ್ದು ಇನ್ನೂ ಬಂದಿಲ್ಲ.