ತೊಟ್ಟಿಗೆ ಮೀನು ಬೇಡ

ತಾರಸಿಯ ಮೇಲೊಂದು ತೊಟ್ಟಿಯಿಟ್ಟು ಪುಟ್ಟ ಕೊಳ ಮಾಡುತ್ತೇನೆ ಅಂದರೆ ಮನೆಯವರೂ ಪಕ್ಕದ ಮನೆಯವರೂ ಮೊದಲು ಎತ್ತುವುದು ಸೊಳ್ಳೆಯ ಮಾತು. ಎತ್ತಲೇಬೇಕಾದ ಮಾತು ಅದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೂಕುಂಡದ ತಟ್ಟೆಯಲ್ಲೋ ಹಳೆಯ ಟೈರಿನಲ್ಲೋ ನಿಂತ ಒಂದಿಷ್ಟು ನೀರು ಸಾಕು. ಅಲ್ಲಿ ಅದರ ಮರಿಗಳನ್ನು ತಿನ್ನುವ ಜೀವಿಗಳಿರುವುದಿಲ್ಲ. ಕೊಳ ಮಾಡುವುದೆಂದರೆ ಸೊಳ್ಳೆಯ ಈ ಅನುಕೂಲವನ್ನು ಕಿತ್ತುಕೊಳ್ಳುವುದು.

ಇದಕ್ಕಾಗಿ ಗಪ್ಪಿಯನ್ನೋ ಗಂಬೂಸಿಯಾವನ್ನೋ ತಂದು ಬಿಡುವುದು ರೂಢಿ. ಗಂಬೂಸಿಯಾ ಉತ್ತರ ಅಮೆರಿಕದ ಮೀನು, ಭಾರತಕ್ಕೆ ಬಂದದ್ದು 1928ರಲ್ಲಿ. ಸೊಳ್ಳೆಮರಿ ತಿನ್ನುವುದು ನಿಜ. ಆದರೆ ಗೊದಮೊಟ್ಟೆ, ಜಲಕೀಟಗಳ ಮರಿಗಳನ್ನೂ ಅದು ಬಿಡುವುದಿಲ್ಲ. ನೂರು ಲೀಟರಿನ ತೊಟ್ಟಿಯಲ್ಲಿ ಅವಕ್ಕೆ ಅವಿತುಕೊಳ್ಳಲು ಜಾಗವಾದರೂ ಎಲ್ಲಿದೆ? ಹಾಗಾಗಿ ನನ್ನ ಮತ ಮೀನಿಗಲ್ಲ, ಏರೋಪ್ಲೇನ್ ಚಿಟ್ಟೆಗೆ.

ಅದರಲ್ಲೂ ಗ್ರಾನೈಟ್ ಘೋಸ್ಟ್ ಎಂಬ ಜಾತಿಗೆ. ಮೈತುಂಬ ಬೂದು, ಕಪ್ಪು ಮಚ್ಚೆಗಳಿರುವ ಇದು ಕಾಂಪೌಂಡ್ ಗೋಡೆಗೋ ಕಲ್ಲುಚಪ್ಪಡಿಗೋ ರೆಕ್ಕೆ ಹರಡಿ ಅಂಟಿಕೊಂಡರೆ ಕೈಗೆಟಕುವಷ್ಟು ಹತ್ತಿರವಿದ್ದರೂ ಕಾಣದು. ಬಂಡೆಗಳ ಗುಂಡಿಯಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಡುವ ಈ ಕೀಟಕ್ಕೆ ಊರೊಳಗಿನ ಸಿಮೆಂಟ್ ತೊಟ್ಟಿಯೂ ಚೆನ್ನಾಗಿ ಒಗ್ಗಿದೆ.

ಇದರ ಮರಿ ನೀರಿನ ತಳದಲ್ಲಿ ಕೆಸರಿನ ಬಣ್ಣವನ್ನು ಮೈಗೂಡಿಸಿಕೊಂಡು ಕದಲದೆ ಕೂತಿರುತ್ತದೆ. ಅದರ ಕೆಳತುಟಿ ಮೊಣಕೈಯಂತೆ ಮಡಚಿ ತಲೆಯಡಿ ಸೇರಿಕೊಂಡಿರುತ್ತದೆ, ತುದಿಯಲ್ಲಿ ಹಿಡಿಯುವ ಕೊಕ್ಕೆ. ಸೊಳ್ಳೆಮರಿ ಹತ್ತಿರ ಸುಳಿದದ್ದೇ ತಡ, ಕಣ್ಣೆವೆ ಇಕ್ಕುವುದರೊಳಗೆ ಆ ತುಟಿ ಮುಂದಕ್ಕೆ ಚಾಚಿ ಬೇಟೆಯನ್ನು ಬಾಯಿಗೆ ಎಳೆದುಕೊಂಡಿರುತ್ತದೆ. ಉಸಿರಾಟ ಇನ್ನೂ ವಿಚಿತ್ರ. ಕಿವಿರುಗಳಿರುವುದು ಗುದದ್ವಾರದ ಒಳಗೆ! ಅಲ್ಲಿಗೆ ನೀರೆಳೆದು ಬಿಡುತ್ತಲೇ ಉಸಿರಾಡುತ್ತದೆ. ಅಪಾಯ ಕಂಡರೆ ಅದೇ ನೀರನ್ನು ರಭಸದಿಂದ ಹಿಂದಕ್ಕೆ ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ.

ಮ್ಯಾನ್ಮಾರಿನ ಯಾಂಗೋನ್‌ನಲ್ಲಿ ಈ ಸೊಳ್ಳೆಬೇಟೆಯನ್ನು ಊರ ಜನರೇ ಕೈಜೋಡಿಸಿ ಪರೀಕ್ಷಿಸಿದ್ದುಂಟು. ಮನೆಮನೆಯ ನೀರಿನ ಪಾತ್ರೆಗಳಿಗೆ ಇನ್ನೊಂದು ಜಾತಿಯ, ನಮ್ಮಲ್ಲೂ ಕಾಣುವ ಕೆಂಪು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ಬಿಟ್ಟರು. ಕೆಲವೇ ವಾರಗಳಲ್ಲಿ ಈಡಿಸ್ ಸಂಖ್ಯೆ ಕುಸಿಯಿತು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು.

ಇನ್ನು ತೊಟ್ಟಿಯ ವಿಚಾರ. ಅಗಲ ಬಾಯಿಯ ಸಿಮೆಂಟ್ ತೊಟ್ಟಿ, ಅರ್ಧ ಕತ್ತರಿಸಿದ ಡ್ರಮ್, ಹಳೆಯ ಕಲ್ಲುಬಾನಿ ಯಾವುದಾದರೂ ಆದೀತು. ಒಂದಡಿಗಿಂತ ಆಳವಿದ್ದರೆ ಬೇಸಿಗೆಯಲ್ಲಿ ನೀರು ಕಾದು ಕುದಿಯುವುದಿಲ್ಲ. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ, ತಾರಸಿಯಲ್ಲಾದರೆ ಕೆಳಗೆ ಗೋಡೆಯೋ ಬೀಮೋ ಇರುವ ಕಡೆ ಇಡಿ. ಚಿಕ್ಕ ಮಕ್ಕಳಿದ್ದ ಮನೆಯಲ್ಲಿ ಗಟ್ಟಿ ಜಾಲರಿ ಕಡ್ಡಾಯ. ಮಳೆನೀರು ಉತ್ತಮ, ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಿ. ಗೊಬ್ಬರ ಮಾತ್ರ ಹಾಕಲೇಬೇಡಿ, ನೀರು ಹಸಿರು ಪಾಚಿಗಟ್ಟುತ್ತದೆ. ನೀರೊಳಗೆ ಹೈಡ್ರಿಲ್ಲಾ, ಒಂದು ನೈದಿಲೆ ಗೆಡ್ಡೆ ಸಾಕು. ಅಂತರಗಂಗೆ ನೋಡಲು ಚೆಂದ, ಆದರೆ ಬಿಟ್ಟರೆ ನೀರಿನ ಮೇಲ್ಮೈಯನ್ನೆಲ್ಲ ಮುಚ್ಚಿಬಿಡುತ್ತದೆ. ಒಂದು ಪಕ್ಕದಲ್ಲಿ ಮೆಟ್ಟಿಲಿನಂತೆ ಕಲ್ಲು ಜೋಡಿಸಿ. ಬಿದ್ದ ಅಳಿಲು ಹತ್ತಿಬರಲಿ, ಜೇನ್ನೊಣ ಕೂತು ನೀರು ಕುಡಿಯಲಿ. ನೀರಿನಿಂದ ಮೇಲೆದ್ದ ನಾಲ್ಕು ಒರಟು ಕಡ್ಡಿಗಳೂ ಇರಲಿ. ಬೆಳೆದ ಮರಿ ರಾತ್ರಿ ಅವನ್ನೇ ಹತ್ತಿ, ಬೆನ್ನು ಸೀಳಿ, ರೆಕ್ಕೆಯ ಕೀಟವಾಗಿ ಹೊರಬರುತ್ತದೆ. ಉಳಿದ ಪೊರೆಯನ್ನು ಬೆಳಿಗ್ಗೆ ಹತ್ತಿರದಿಂದ ನೋಡಿ: ಸೀಳಿನಿಂದ ಬಿಳಿ ದಾರದೆಳೆಗಳು ಇಳಿಬಿದ್ದಿರುತ್ತವೆ. ಅವು ಉಸಿರುನಾಳಗಳ ಒಳಪದರ.

ಕಷ್ಟದ ಕಾಲ ಮೊದಲ ಕೆಲವು ವಾರಗಳು. ಬೇಟೆಗಾರರಿಗಿಂತ ಮೊದಲೇ ಸೊಳ್ಳೆ ಬರುತ್ತದೆ. ನಮ್ಮ ಹವೆಯಲ್ಲಿ ಅದರ ಮೊಟ್ಟೆ ಒಡೆದು ಸೊಳ್ಳೆ ಹಾರಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ಮೂರು-ನಾಲ್ಕು ದಿನಕ್ಕೊಮ್ಮೆ ಸಣ್ಣ ಕಣ್ಣಿನ ಜಾಲರಿಯಿಂದ ಸೊಳ್ಳೆಮರಿಗಳನ್ನು ಸೋಸಿ ತೆಗೆಯಿರಿ. ಈಡಿಸ್ ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿಗಿಂತ ಸ್ವಲ್ಪ ಮೇಲಿನ ತೇವದ ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಆದ್ದರಿಂದ ಅಂಚನ್ನು ತೆಂಗಿನ ನಾರಿನಿಂದ ಉಜ್ಜಬೇಕು. ಇಷ್ಟು ಮಾಡಲು ಪುರುಸೊತ್ತಿಲ್ಲದವರು ಕೊಳದ ಕೆಲಸಕ್ಕೆ ಇಳಿಯದಿರುವುದೇ ಲೇಸು.

ಏರೋಪ್ಲೇನ್ ಚಿಟ್ಟೆಯ ಮರಿಗಳು ಬೇಗ ಬೇಕೆಂದು ಕೆರೆಯಿಂದ ಹಿಡಿದು ತರಬೇಡಿ. ಬಿಸಿಲು ಬೀಳುವ ತೊಟ್ಟಿಯನ್ನು ಹೆಣ್ಣು ತಾನೇ ಹುಡುಕಿಕೊಂಡು ಬರುತ್ತದೆ, ಹಾರುತ್ತಲೇ ಬಾಲದ ತುದಿಯನ್ನು ನೀರಿಗೆ ತಟ್ಟಿ ತಟ್ಟಿ ಮೊಟ್ಟೆಯಿಡುತ್ತದೆ.