ಚಿತ್ರಗಳ ಸ್ವಾಮ್ಯ

ನಮ್ಮ ನಾಡಿನಲ್ಲಿ ಈಗ ಚಿತ್ರಗಳಿಗೆ ಬರವಿಲ್ಲ. ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕ ಸಂಚಿಕೆ, ಸಾಹಿತ್ಯ ಸಮ್ಮೇಲನದ ಸ್ಮರಣ ಗ್ರಂಥ, ಪುರಸಭೆಯ ವರದಿ, ಬೀದಿಯ ಫ್ಲೆಕ್ಸ್ ಹಲಗೆ, ಇವುಗಳಲ್ಲಿ ಚಿತ್ರವಿಲ್ಲದ್ದು ಒಂದೂ ಕಾಣಸಿಗದು. ಹಿಂದೆ ಒಂದು ಚಿತ್ರವನ್ನು ಅಚ್ಚು ಹಾಕಿಸಬೇಕಾದರೆ ಅದರ ಬ್ಲಾಕು ಮಾಡಿಸಿ ತರಿಸಬೇಕಾಗುತ್ತಿತ್ತು. ವೆಚ್ಚಕ್ಕಂಜಿ ಜನರು ಎರಡು ಸಲ ಯೋಚಿಸುತ್ತಿದ್ದರು. ಈಗ ಅಂತರ್ಜಾಲದಲ್ಲಿ ಹೆಸರು ಹಾಕಿ ಹುಡುಕಿದರೆ ನೂರು ಚಿತ್ರಗಳು ಎದುರಿಗೆ ಬಂದು ನಿಲ್ಲುತ್ತವೆ. ಕೈಗೆ ಸಿಕ್ಕಿದ್ದೆಲ್ಲ ಪುಕ್ಕಟೆಯೆಂಬ ತಿಳಿವಳಿಕೆಯು ಇದರಿಂದ ಬೇರೂರಿದೆ. ಈ ತಿಳಿವಳಿಕೆಯು ಕಾಯಿದೆಗೂ ಒಪ್ಪತಕ್ಕದ್ದಲ್ಲ, ನ್ಯಾಯಕ್ಕೂ ಒಪ್ಪತಕ್ಕದ್ದಲ್ಲ.

ಹಾನಗಲ್ಲದ ತಾರಕೇಶ್ವರ ದೇವಾಲಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮಂಟಪದ ಮೇಲ್ಚಾವಣಿಯಲ್ಲಿ ಕಲ್ಲಿನ ಕಮಲವನ್ನರಳಿಸಿದ ಶಿಲ್ಪಿಗಳು ಗತಿಸಿ ಶತಮಾನಗಳು ಸಂದವು. ಆ ಗುಡಿಯ ಚೆಲುವು ಸರ್ವರದು. ಆದರೆ ಬೆಳಕು ಒಳಹೊಗುವ ಹೊತ್ತನ್ನು ಕಾಯ್ದು, ನೆಲದ ಮೇಲೆ ಅಂಗಾತ ಮಲಗಿ, ಆ ಕಮಲದ ಛಾಯಾಚಿತ್ರವನ್ನು ತೆಗೆದವನೊಬ್ಬನು ಇರುವನಷ್ಟೆ? ಗುಡಿಯು ಸರ್ವರದಾದರೂ ಆ ಛಾಯಾಚಿತ್ರವು ಅವನದು. ೧೯೫೭ನೆಯ ಗ್ರಂಥಸ್ವಾಮ್ಯದ ಕಾಯಿದೆಯು ಛಾಯಾಚಿತ್ರವನ್ನು ಕಲಾಕೃತಿಯೆಂದೇ ಎಣಿಸುತ್ತದೆ. ನೋಂದಣಿ ಮಾಡಿಸದಿದ್ದರೂ, ಮೂಲೆಯಲ್ಲಿ ಹೆಸರು ಬರೆಯದಿದ್ದರೂ, ಚಿತ್ರವು ಹುಟ್ಟಿದಾಗಲೇ ಸ್ವಾಮ್ಯವೂ ಹುಟ್ಟುತ್ತದೆ. ಬೇಲಿಯಿಲ್ಲದ ಹೊಲಕ್ಕೆ ಒಡೆಯನೇ ಇಲ್ಲವೆಂದು ನಮ್ಮ ಕಡೆಗೆ ಯಾರೂ ದನಗಳನ್ನು ಬಿಡುವದಿಲ್ಲ. ಹೆಸರಿಲ್ಲದ ಚಿತ್ರದ ವಿಷಯದಲ್ಲಿ ಮಾತ್ರ ಈ ಎಚ್ಚರವು ತಪ್ಪುತ್ತದೆ.

ಶಿಗ್ಗಾಂವಿ ತಾಲೂಕಿಗೆ ಬಂದರೆ ಸಂಗತಿಯು ಇನ್ನೂ ಸೂಕ್ಷ್ಮವಾಗುತ್ತದೆ. ಶಿಶುನಾಳದ ಶರೀಫ ಸಾಹೇಬರು ೧೮೮೯ರಲ್ಲಿ ದೇಹವಿಟ್ಟರು. ಅವರ ಪದಗಳು ಇಂದು ಲೋಕದ ಸೊತ್ತು. ಆದರೆ ಆ ಪದಗಳಿಗೆ ಸಿ. ಅಶ್ವಥ್ ಅವರು ಕೂಡಿಸಿದ ಧಾಟಿಗಳು ಹಾಗಲ್ಲ. ಅವರು ತೀರಿಕೊಂಡದ್ದು ೨೦೦೯ರಲ್ಲಿ. ಆ ಸ್ವರರಚನೆಯ ಸ್ವಾಮ್ಯವು ೨೦೬೯ರ ಕೊನೆಯವರೆಗೆ ಉಳಿಯುವದು. ಸಂತರ ಮುಖಚಿತ್ರಗಳ ಸಂಗತಿಯೂ ಇದೇ. ಬಾಡದ ಕನಕದಾಸರನ್ನು, ಹಿರೇಕೆರೂರ ತಾಲೂಕಿನ ಅಬಲೂರಿನೊಡನೆ ಹೆಸರು ಬೆಸೆದ ಸರ್ವಜ್ಞನನ್ನು ನಮ್ಮಲ್ಲಿ ಕಣ್ಣಾರೆ ಕಂಡವರಾರು? ಗೋಡೆಯ ಮೇಲೆ ನಾವು ಹೂಮಾಲೆ ಹಾಕುವ ರೂಪವು ಒಬ್ಬ ಚಿತ್ರಕಾರನ ಕಲ್ಪನೆಯ ಫಲ. ಆತನು ನಮ್ಮ ಕಾಲದವನೇ ಆಗಿದ್ದರೆ ಕೀರ್ತನೆಯನ್ನೋ ತ್ರಿಪದಿಯನ್ನೋ ಅಚ್ಚು ಮಾಡಲು ಯಾರ ಅಪ್ಪಣೆಯೂ ಬೇಡ, ಅದರ ಮೇಲಿನ ಚಿತ್ರಕ್ಕೆ ಅಪ್ಪಣೆ ಬೇಕು.

ಸ್ವಾಮ್ಯದ ಅವಧಿಯು ಸಾಮಾನ್ಯವಾಗಿ ಕರ್ತೃವಿನ ಜೀವಮಾನ, ಅದರ ಮೇಲೆ ೬೦ ವರ್ಷ. ಸವಣೂರಿನಲ್ಲಿ ೧೯೦೯ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ೧೯೯೨ರಲ್ಲಿ ನಿಧನ ಹೊಂದಿದರು. ಅವರ ಕೃತಿಗಳ ಸ್ವಾಮ್ಯವು ೨೦೫೨ರ ಕೊನೆಗೆ ತೀರುವದು. ಛಾಯಾಚಿತ್ರಗಳಿಗೆ ಮೊದಲು ಪ್ರಕಟವಾದ ವರ್ಷದಿಂದ ಎಣಿಕೆಯಿತ್ತು. ೨೦೧೨ರ ತಿದ್ದುಪಡಿಯು ಅವುಗಳನ್ನೂ ಜೀವಮಾನದ ಲೆಕ್ಕಕ್ಕೆ ತಂದಿತು. ಅದಕ್ಕಿಂತ ಮೊದಲೇ ಅವಧಿ ತೀರಿದ ಚಿತ್ರಗಳು ಮುಕ್ತವಾಗಿಯೇ ಉಳಿದಿವೆ. ೧೯೪೨ರ ಚಳವಳಿಯ ಕಾಲದಲ್ಲಿ ಇಲ್ಲಿಯ ಪತ್ರಿಕೆಗಳಲ್ಲಿ ಪ್ರಕಟವಾದ ಚಿತ್ರಗಳು ಈ ಬಗೆಯವು. ಅವುಗಳನ್ನು ನಿಶ್ಚಿಂತೆಯಿಂದ ಬಳಸಬಹುದು.

ಲಗ್ನದ ಚಿತ್ರಗಳ ವಿಷಯದಲ್ಲಿ ಬಹು ಜನರಿಗೆ ತಿಳಿಯದ ಮಾತೊಂದುಂಟು. ಕಾಯಿದೆಯ ೧೭ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಒಡೆತನವು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು. ಆದುದರಿಂದ ಮದುಮಗಳ ಚಿತ್ರವನ್ನು ಸ್ಟುಡಿಯೋದವರು ತಮ್ಮ ಅಂಗಡಿಯ ಮುಂದೆ ತೂಗಹಾಕಬೇಕಾದರೆ ಆ ಮನೆಯವರನ್ನು ಕೇಳಬೇಕು. ಅದರಂತೆ ಪತ್ರಿಕೆಯ ನೌಕರಿಯಲ್ಲಿದ್ದವನು ಪತ್ರಿಕೆಗಾಗಿ ತೆಗೆದ ಚಿತ್ರದ ಪ್ರಕಟಣೆಯ ಹಕ್ಕು ಮಾಲಕನದು. ಇದು ನಮ್ಮಂಥವರಿಗೆ ಅನುಕೂಲದ ಮಾತು ನಿಜ. ಆದರೂ ಚಿತ್ರದ ಕೆಳಗೆ ಆ ನೌಕರನ ಹೆಸರನ್ನು ಹಾಕದ ಮಾಲಕನನ್ನು ನಾವು ಒಪ್ಪುವದಿಲ್ಲ. ಯಾಕಂದರೆ ಒಡೆತನವು ಕೈಬದಲಾದ ಮೇಲೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ೫೭ನೆಯ ಕಲಮು ಕರ್ತೃವಿಗೇ ಉಳಿಸಿದೆ.

ಇನ್ನು ಅಂತರ್ಜಾಲದ ಚಿತ್ರಭಂಡಾರಗಳ ಮಾತು. ಅಲ್ಲಿ ‘ರಾಯಲ್ಟಿ ಫ್ರೀ’ ಎಂದು ಬರೆದಿರುವದನ್ನು ಓದಿ, ಪುಕ್ಕಟೆಯೆಂದು ತಿಳಿದು ಮೋಸ ಹೋಗುವವರೇ ಹೆಚ್ಚು. ಒಮ್ಮೆ ದರ ಕೊಟ್ಟರೆ ಪ್ರತಿಯೊಂದು ಉಪಯೋಗಕ್ಕೂ ಮತ್ತೆ ಮತ್ತೆ ಗೌರವಧನ ಕೊಡಬೇಕಾಗಿಲ್ಲ ಎಂಬದಷ್ಟೇ ಆ ಮಾತಿನ ಅರ್ಥ. ಅದೂ ಕರಾರಿನ ಮಿತಿಯೊಳಗೆ. ಕೆಲವು ಚಿತ್ರಗಳನ್ನು ವಾರ್ತೆಯೊಡನೆ ಮಾತ್ರ ಅಚ್ಚು ಮಾಡಬಹುದು, ಜಾಹೀರಾತಿಗೆ ಬಳಸುವಂತಿಲ್ಲ. ನಿಜವಾಗಿ ಪುಕ್ಕಟೆ ದೊರೆಯುವ ಚಿತ್ರಗಳೂ ಉಂಟು. ‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಿಗೆಯ ಪದ್ಧತಿಯು ೨೦೦೨ರಿಂದ ನಡೆದುಬಂದಿದೆ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಇಂಥ ಚಿತ್ರಗಳ ದೊಡ್ಡ ಸಂಗ್ರಹವಿದೆ. ಆದರೆ ಇವುಗಳಲ್ಲಿ ಬಹುತೇಕ ಚಿತ್ರಗಳಿಗೆ ಚಿತ್ರಕಾರನ ಹೆಸರನ್ನೂ ಪರವಾನಿಗೆಯ ಬಗೆಯನ್ನೂ ಚಿತ್ರದ ಬಳಿ ಕಾಣಿಸಬೇಕು. ವಾಣಿಜ್ಯಕ್ಕೆ ಸಲ್ಲದೆಂದು ಬರೆದಿದ್ದರೆ ಅಂಗಡಿಯ ಹಲಗೆಗೆ ಅದು ಸಲ್ಲದು.

ವಿಮರ್ಶೆ, ಪ್ರಚಲಿತ ವಾರ್ತೆ, ಸ್ವಂತ ವ್ಯಾಸಂಗ ಇವುಗಳಿಗಾಗಿ ಮಾಡುವ ನ್ಯಾಯವಾದ ಉಪಯೋಗಕ್ಕೆ ೫೨ನೆಯ ಕಲಮು ಅವಕಾಶವಿತ್ತಿದೆ. ಪುಟವು ಖಾಲಿ ಉಳಿದೀತೆಂದು ಹಾಕುವ ಅಲಂಕಾರದ ಚಿತ್ರವು ಅದರಲ್ಲಿ ಕೂಡುವದಿಲ್ಲ. ಸರಕಾರಿ ಕಚೇರಿಯ ಕೆಲಸವೆಂದ ಮಾತ್ರಕ್ಕೆ ವಿನಾಯಿತಿಯಿದೆಯೆಂದು ಅಧಿಕಾರಿಗಳೂ ಭಾವಿಸಲಾಗದು. ನ್ಯಾಯಾಲಯದ ವ್ಯವಹಾರಕ್ಕೆ ವಿನಾಯಿತಿಯುಂಟು, ತಾಲೂಕು ಕಚೇರಿಯ ಕ್ಯಾಲೆಂಡರಿಗೆ ಇಲ್ಲ. ತಿಳಿದೂ ಸ್ವಾಮ್ಯವನ್ನು ಉಲ್ಲಂಘಿಸಿದವನಿಗೆ ೬ ತಿಂಗಳಿಂದ ೩ ವರ್ಷಗಳವರೆಗೆ ಸಜೆಯನ್ನೂ ೫೦,೦೦೦ದಿಂದ ೨ ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಕಾಯಿದೆಯು ವಿಧಿಸಿದೆ. ಲಾಭದ ವ್ಯಾಪಾರಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಧೀಶರು ಕಾರಣಗಳನ್ನು ಬರೆದು ಇದನ್ನು ಇಳಿಸಬಹುದು.

ದಂಡದ ಭಯಕ್ಕಿಂತ ನಮ್ಮನ್ನು ಹೆಚ್ಚಾಗಿ ಚುಚ್ಚುವ ಸಂಗತಿಯು ಬೇರೆಯಿದೆ. ಹಿರೇಕೆರೂರ ತಾಲೂಕಿನ ಗೋವಿನಜೋಳದ ಬೆಳೆಯನ್ನು ಕುರಿತ ಬರಹಕ್ಕೆ ಪರದೇಶದ ಹೊಲದ ಚಿತ್ರ, ಸವಣೂರಿನ ವೀಳ್ಯದೆಲೆಯ ಬರಹಕ್ಕೆ ಎಲ್ಲಿಯದೋ ಬಳ್ಳಿಯ ಚಿತ್ರ! ನಮ್ಮ ಊರಿನ ಮುಖವನ್ನು ನಾವು ಪರರಿಂದ ಎರವಲು ತರುತ್ತಿದ್ದೇವೆ. ಇತ್ತ ನಮ್ಮವರೇ ಆದ ಸ್ಟುಡಿಯೋದವರು ಜಾತ್ರೆಯಲ್ಲಿ ದಿನವಿಡೀ ನಿಂತು ತೆಗೆದ ತೇರಿನ ಚಿತ್ರವು ಮರುದಿನ ಹತ್ತು ಹಲಗೆಗಳ ಮೇಲೆ ಹೆಸರಿಲ್ಲದೆ ಏರುತ್ತದೆ. ಹಲಗೆ ಕಟ್ಟಿದವನಿಗೆ ಕೂಲಿಯುಂಟು, ಚಿತ್ರ ತೆಗೆದವನಿಗೆ ಬಿಡಿಕಾಸಿಲ್ಲ. ಊರೂರಿನ ವಾಚನಾಲಯಗಳೂ ಹಾಯಸ್ಕೂಲುಗಳೂ ಇಲ್ಲಿಯ ಛಾಯಾಚಿತ್ರಕಾರರಿಗೆ ಯೋಗ್ಯ ಸಂಭಾವನೆ ಕೊಟ್ಟು ಗುಡಿ, ಕೆರೆ, ಸಂತೆ, ಬೆಳೆಗಳ ಚಿತ್ರಗಳನ್ನು ತೆಗೆಸಿ, ಅವರ ಲಿಖಿತ ಒಪ್ಪಿಗೆಯಿಂದ ಮುಕ್ತ ಪರವಾನಿಗೆಯಲ್ಲಿ ಪ್ರಕಟಿಸಿದರೆ ನಾಲ್ಕೂ ತಾಲೂಕುಗಳಿಗೆ ಸ್ವಂತದ ಚಿತ್ರಭಂಡಾರವೊಂದು ಆದೀತು. ಒಂದು ಸ್ಮರಣ ಗ್ರಂಥದ ಹೊದಿಕೆಗೆ ತಗಲುವ ವೆಚ್ಚದಲ್ಲಿ ಇದಕ್ಕೆ ಮೊದಲು ಹಾಕಬಹುದು.

ನಮ್ಮ ಪತ್ರಿಕೆಗೆ ಲೇಖನಗಳೊಡನೆ ಚಿತ್ರಗಳನ್ನು ಕಳಿಸುವ ಮಹನೀಯರು ಅದನ್ನು ತೆಗೆದವರ ಹೆಸರನ್ನೂ, ಅವರ ಒಪ್ಪಿಗೆಯ ಪತ್ರವನ್ನೂ ಅಥವಾ ಪರವಾನಿಗೆಯ ವಿವರವನ್ನೂ ಜೊತೆಗಿಡಬೇಕೆಂದು ವಿನಂತಿ. ಅವಿಲ್ಲದಿದ್ದರೆ ಲೇಖನವು ಚಿತ್ರವಿಲ್ಲದೆ ಅಚ್ಚಾಗುವದು.